ಒಂದೇ ಗೂಡಿನಲ್ಲಿ ಆರು ತಳಿ

ಒಂಬತ್ತು ಕೋಳಿಮರಿಗಳನ್ನು ಮನೆಗೆ ತಂದ ದಿನ ಅವುಗಳ ವಿಷಯದಲ್ಲಿ ನನಗೆ ಗೊತ್ತಿದ್ದುದು ಬಣ್ಣ ಮಾತ್ರ. ಎರಡು ರೋಡ್ ಐಲೆಂಡ್ ರೆಡ್, ಎರಡು ಪಟ್ಟೆ ಪ್ಲಿಮತ್ ರಾಕ್, ಎರಡು ಬಿಳಿ ಲೆಗ್‌ಹಾರ್ನ್, ಒಂದು ಬೆಣ್ಣೆ ಬಣ್ಣದ ಆರ್ಪಿಂಗ್‌ಟನ್, ಒಂದು ಬಿಳಿ ಸಿಲ್ಕಿ. ಜೊತೆಗೆ ಹಸಿರು ಮೊಟ್ಟೆ ಇಡುತ್ತದೆ ಎಂಬ ಭರವಸೆಯ ಮೇಲೆ ಕೊಂಡ ಒಂದು ಬೆರಕೆ ಮರಿ. ಬಣ್ಣದ ಪೆನ್ಸಿಲ್ ಆರಿಸುವ ಮಗುವಿನಂತೆ ಆರಿಸಿದ್ದೆ. ದೊಡ್ಡವಾದ ಮೇಲೆ ಯಾವುದು ಎಷ್ಟು ತೂಗುತ್ತದೆ, ಯಾವುದಕ್ಕೆ ಪುಕ್ಕ ಬೇಗ ಬರುತ್ತದೆ, ಯಾವುದು ಯಾವುದರ ಮುಂದೆ ತಲೆ ತಗ್ಗಿಸುತ್ತದೆ ಎಂಬ ಪ್ರಶ್ನೆಗಳು ನನಗೆ ಹೊಳೆಯಲೇ ಇಲ್ಲ.

ಮೊದಲ ಪಾಠ ಕಾವಿನ ಪೆಟ್ಟಿಗೆಯಲ್ಲೇ ಸಿಕ್ಕಿತು. ಮೊದಲ ವಾರ ಮರಿಗಳ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು ಎಂಬುದು ಎಲ್ಲರೂ ಹೇಳುವ ಲೆಕ್ಕ. ಒಂದೇ ತಳಿಯಾದರೆ ಈ ಲೆಕ್ಕ ಚೆನ್ನಾಗಿಯೇ ನಡೆಯುತ್ತದೆ. ನನ್ನ ಪೆಟ್ಟಿಗೆಯಲ್ಲಿ ಮೂರನೆಯ ವಾರಕ್ಕೆ ಲೆಗ್‌ಹಾರ್ನ್‌ಗಳಿಗೆ ರೆಕ್ಕೆ ಬಲಿತು ಅವು ಪೆಟ್ಟಿಗೆಯ ಅಂಚಿನ ಮೇಲೆ ಹಾರಿ ಕೂರುತ್ತಿದ್ದವು. ಆರ್ಪಿಂಗ್‌ಟನ್ ಇನ್ನೂ ಅರೆಬರೆ ಪುಕ್ಕದಲ್ಲಿತ್ತು. ಸಿಲ್ಕಿಯಂತೂ ಹತ್ತಿಯ ಉಂಡೆಯಾಗಿಯೇ ಉಳಿದಿತ್ತು. ಶಾಖದ ದೀಪವನ್ನು ಮರಿಗಳ ಹತ್ತಿರಕ್ಕೆ ಇಳಿಸಿದರೆ ಲೆಗ್‌ಹಾರ್ನ್‌ಗಳು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು, ಎತ್ತಿದರೆ ಸಿಲ್ಕಿ ಮೂಲೆಯಲ್ಲಿ ಮುದುರಿ ಕೂತು ಕಿರುಚುತ್ತಿತ್ತು. ಕೊನೆಗೆ ಚೌಕ ಪೆಟ್ಟಿಗೆಯನ್ನು ಬಿಟ್ಟು ಉದ್ದನೆಯದೊಂದನ್ನು ಮಾಡಿ, ದೀಪವನ್ನು ಒಂದು ತುದಿಗೆ ತೂಗುಹಾಕಿದೆ. ಬೇಕಾದದ್ದು ಬೆಚ್ಚಗಿನ ತುದಿಗೆ ಹೋಗಲಿ, ಬೇಡವಾದದ್ದು ತಂಪಿನ ತುದಿಗೆ ಬರಲಿ ಎಂದು. ಅಂದಿನಿಂದ ಥರ್ಮಾಮೀಟರ್ ನೋಡುವುದು ಕಡಿಮೆಯಾಯಿತು. ಮರಿಗಳು ಎಲ್ಲಿ ಮಲಗಿವೆ ಎಂದು ನೋಡುವುದು ಹೆಚ್ಚಾಯಿತು. ದೀಪದ ವಿಷಯದಲ್ಲಿ ಮಾತ್ರ ನಾನು ಅಂಜುಬುರುಕ. ಒಂದು ಸರಪಳಿ ಸಾಲದೆಂದು ಎರಡು ಕಡೆ ಕಟ್ಟಿದ್ದೆ. ಕೆಳಗೆ ಇರುವುದು ಒಣ ಹತ್ತರಿ ಹೊಟ್ಟು. ದೀಪ ಬಿದ್ದರೆ ಮನೆಗೂ ಬೆಂಕಿ.

ಹತ್ತರಿ ಹೊಟ್ಟು ಎಂದಾಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಲೇಬೇಕು. ನೀರಿನ ಬಟ್ಟಲನ್ನು ನೆಲದ ಮೇಲೆಯೇ ಇಟ್ಟಿದ್ದೆ. ಮರಿಗಳು ಅದನ್ನು ಕೆದಕಿ, ತುಳಿದು, ಸುತ್ತಲಿನ ಹೊಟ್ಟನ್ನು ದಿನವಿಡೀ ಒದ್ದೆಯಾಗಿ ಇಡುತ್ತಿದ್ದವು. ನಾನು ವಾರಕ್ಕೊಮ್ಮೆ ಬದಲಾಯಿಸಿ ಕೈತೊಳೆದುಕೊಳ್ಳುತ್ತಿದ್ದೆ. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಪಟ್ಟೆ ಮರಿಯೊಂದು ಪುಕ್ಕ ಕೆದರಿಕೊಂಡು, ಕಣ್ಣು ಅರೆಮುಚ್ಚಿ ನಿಂತಿತ್ತು. ಹಿಕ್ಕೆಯಲ್ಲಿ ರಕ್ತ. ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಐಮೀರಿಯಾ ಎಂಬ ಪರೋಪಜೀವಿಯ ಮೊಟ್ಟೆಕೋಶಗಳು ಹಿಕ್ಕೆಯಲ್ಲಿ ಹೊರಬಂದು, ತೇವ ಮತ್ತು ಬೆಚ್ಚನೆಯ ಜಾಗ ಸಿಕ್ಕರೆ ಒಂದೆರಡು ದಿನಗಳಲ್ಲೇ ಸೋಂಕು ಹರಡಲು ಸಿದ್ಧವಾಗುತ್ತವೆ. ಆ ಜಾಗವನ್ನು ನಾನೇ ಮುತುವರ್ಜಿಯಿಂದ ಸಿದ್ಧಪಡಿಸಿ ಕೊಟ್ಟಿದ್ದೆ. ಪಶುವೈದ್ಯರು ನೀರಿನಲ್ಲಿ ಬೆರೆಸಲು ಆಂಪ್ರೋಲಿಯಂ ಕೊಟ್ಟು, ‘ಬೇರೇನು ಹಾಕುತ್ತಿದ್ದೀರಿ?’ ಎಂದು ಕೇಳಿದರು. ಮರಿಗಳಿಗೆ ಶಕ್ತಿ ಬರಲೆಂದು ಬಿ ವಿಟಮಿನ್ ಹಾಕುತ್ತಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದೆ. ಮೊದಲು ಅದನ್ನು ನಿಲ್ಲಿಸಿ ಎಂದರು. ಆ ಔಷಧಿ ಕೆಲಸ ಮಾಡುವುದೇ ಪರೋಪಜೀವಿಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಸಿಗದಂತೆ ತಡೆದು. ನಾನು ಒಂದು ಕೈಯಲ್ಲಿ ಔಷಧಿ ಕೊಟ್ಟು ಇನ್ನೊಂದು ಕೈಯಲ್ಲಿ ರೋಗಕ್ಕೆ ಊಟ ಬಡಿಸುವವನಿದ್ದೆ. ಆ ಪಟ್ಟೆ ಮರಿ ಉಳಿಯಲಿಲ್ಲ. ಉಳಿದ ಎಂಟು ಉಳಿದವು. ನೀರಿನ ಬಟ್ಟಲು ಅಂದೇ ಇಟ್ಟಿಗೆಯ ಮೇಲೇರಿತು. ಮರಿಗಳು ಬೆಳೆದಂತೆಲ್ಲ ಅವುಗಳ ಬೆನ್ನಿನ ಎತ್ತರಕ್ಕೆ ಅದನ್ನೂ ಏರಿಸುತ್ತ ಹೋದೆ.

ಗೂಡು ಕಟ್ಟುವಾಗ ಪುಸ್ತಕದ ಅಳತೆಗಳನ್ನು ಪಾಲಿಸಿದೆ: ಒಳಗೆ ಒಂದು ಕೋಳಿಗೆ 4 ಚದರ ಅಡಿ, ಹೊರಗೆ ಬಲೆ ಹಾಕಿದ ಅಂಗಳದಲ್ಲಿ 10 ಚದರ ಅಡಿ, ನಾಲ್ಕು ಹೇಂಟೆಗಳಿಗೆ ಒಂದು ಮೊಟ್ಟೆಗೂಡು. ಷಟ್ಕೋನದ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಶತ್ರುವನ್ನು ಹೊರಗಿಡುವುದಿಲ್ಲ ಎಂದು ಮೊದಲೇ ಕೇಳಿದ್ದರಿಂದ, ಅರ್ಧ ಇಂಚು ಕಣ್ಣಿನ ಬೆಸುಗೆ ಬಲೆ ಹಾಕಿ, ಅದರ ಅಂಚನ್ನು ಒಂದು ಅಡಿ ಹೊರಚಾಚಿ ಮಣ್ಣಿನಡಿ ಹೂತೆ. ಅಗೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಅಗೆಯುತ್ತದೆ, ಒಂದು ಅಡಿ ಹಿಂದೆ ಸರಿದು ಅಗೆಯುವಷ್ಟು ಜಾಣತನ ತೋರುವುದು ಅಪರೂಪ. ಇದೆಲ್ಲ ಸರಿಯೇ ಆಯಿತು. ಎಡವಿದ್ದು ಕೂರುವ ಕೋಲಿನಲ್ಲಿ. ಕೋಳಿಗಳು ಎತ್ತರವನ್ನು ಇಷ್ಟಪಡುತ್ತವೆ ಎಂದು ನಾಲ್ಕೂವರೆ ಅಡಿ ಎತ್ತರಕ್ಕೆ ಕಟ್ಟಿದೆ. ಲೆಗ್‌ಹಾರ್ನ್‌ಗಳಿಗೆ ಅದು ಅರಮನೆಯ ಮಾಳಿಗೆ. ಮೂರು ಕಿಲೋ ದಾಟಿದ ಆರ್ಪಿಂಗ್‌ಟನ್ ಪ್ರತಿ ಬೆಳಿಗ್ಗೆ ಅಲ್ಲಿಂದ ಮೂಟೆಯಂತೆ ಧೊಪ್ಪೆಂದು ಬೀಳುತ್ತಿತ್ತು. ಎರಡು ತಿಂಗಳಲ್ಲಿ ಅದರ ಅಂಗಾಲಿನಲ್ಲಿ ಕಪ್ಪು ಹಕ್ಕಳೆ ಕಟ್ಟಿ ಕೀವು ತುಂಬಿತು. ಸಿಲ್ಕಿಗೆ ಹಾರಲು ಬರುವುದೇ ಇಲ್ಲ; ಅದರ ಗರಿಗಳ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳದ ಕಾರಣ ರೆಕ್ಕೆ ಗಾಳಿ ಹಿಡಿಯದು, ಮಳೆ ತಡೆಯದು. ಅದು ಮೊಟ್ಟೆಗೂಡಿನಲ್ಲಿ ಮಲಗಿ ಅಲ್ಲೇ ಹಿಕ್ಕೆ ಹಾಕುತ್ತಿತ್ತು. ಈಗ ಒಂದೂವರೆ ಅಡಿ ಎತ್ತರದಲ್ಲಿ ಅಂಚು ನಯಮಾಡಿದ ಅಗಲ ಪಟ್ಟಿಯೊಂದಿದೆ, ಮೇಲಿನದಕ್ಕೆ ಒಂದು ಏಣಿ ಇದೆ, ಸಿಲ್ಕಿಗೆ ನೆಲದಲ್ಲೇ ಒಂದು ಪೆಟ್ಟಿಗೆ ಇದೆ.

ಜಗಳದ ಮಾತು. ಗಾತ್ರದಲ್ಲಿ ದೊಡ್ಡದು ಉಳಿದವನ್ನು ಆಳುತ್ತದೆ ಎಂದುಕೊಂಡಿದ್ದೆ. ಆರ್ಪಿಂಗ್‌ಟನ್, ನಾವು ‘ಬೆಣ್ಣೆ’ ಎಂದು ಕರೆಯುವ ಆ ಮೂಟೆ, ಎಲ್ಲರಿಂದಲೂ ಕುಕ್ಕಿಸಿಕೊಂಡು ಮುಖ ತಿರುಗಿಸುತ್ತಿತ್ತು. ಆಳಿದ್ದು ಉಳಿದೊಂದು ಪಟ್ಟೆ ಹೇಂಟೆ. ಅದಕ್ಕೆ ‘ಯಜಮಾನಿ’ ಎಂಬ ಹೆಸರು ತಾನಾಗಿಯೇ ಬಂತು. ಕೋಳಿಗಳ ಈ ಕುಕ್ಕುವ ಕ್ರಮವನ್ನು ಮೊದಲು ಶಾಸ್ತ್ರೀಯವಾಗಿ ಬರೆದಿಟ್ಟವರು ನಾರ್ವೆಯ ತೋರ್ಲೈಫ್ ಶೆಲ್ಡರುಪ್-ಎಬ್ಬೆ, 1920ರ ದಶಕದ ಆರಂಭದಲ್ಲಿ. ಹುಡುಗನಾಗಿದ್ದಾಗಲೇ ಅವರು ಕೋಳಿಗಳನ್ನು ನೋಡುತ್ತ ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಿದ್ದರು. ನಾನೂ ಒಂದು ಭಾನುವಾರ ಕಾಗದ ಹಿಡಿದು ಕೂತೆ. ಸಂಜೆಯ ಹೊತ್ತಿಗೆ ಒಂದು ವಿಷಯ ಸ್ಪಷ್ಟವಾಯಿತು: ಹೆಚ್ಚಿನ ಕುಕ್ಕುಗಳು ಬಿದ್ದದ್ದು ಮೇವಿನ ತೊಟ್ಟಿಯ ಸುತ್ತಲಿನ ಎರಡು ಅಡಿಯೊಳಗೆ. ಎರಡನೆಯ ತೊಟ್ಟಿಯನ್ನು ಮೊದಲನೆಯದು ಕಾಣದಂತೆ ಗೂಡಿನ ಹಿಂಬದಿಗಿಟ್ಟೆ. ಅರ್ಧ ಜಗಳ ಅಲ್ಲಿಗೆ ಮುಗಿಯಿತು.

ಮುಗಿಯದೆ ಉಳಿದದ್ದು ಸಿಲ್ಕಿಯ ಕಷ್ಟ. ತಲೆಯ ಮೇಲಿನ ಪುಕ್ಕದ ಬುಟ್ಟಿ ಕಣ್ಣಿಗೆ ಅಡ್ಡ ಬಂದು, ಪಕ್ಕದಿಂದ ಬರುವ ಕೊಕ್ಕು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಒಂದು ದಿನ ಲೆಗ್‌ಹಾರ್ನ್ ಆ ಬಿಳಿ ಪುಕ್ಕ ಕಿತ್ತಿತು, ಚುಕ್ಕೆಯಷ್ಟು ರಕ್ತ ಬಂತು. ಕೆಂಪು ಕಂಡರೆ ಕೋಳಿ ಕೋಳಿಯಾಗಿ ಉಳಿಯುವುದಿಲ್ಲ. ನಾನು ಬರುವ ಹೊತ್ತಿಗೆ ಮೂರು ಸೇರಿ ಅದರ ತಲೆಯನ್ನು ಹಣ್ಣಿನಂತೆ ತಿನ್ನುತ್ತಿದ್ದವು. ಗಾಯ ತೊಳೆದು, ಕಣ್ಣಿನ ಸುತ್ತಲಿನ ಪುಕ್ಕ ಕತ್ತರಿಸಿ, ಬಲೆಯ ಆಚೆಗೆ ಅದಕ್ಕೊಂದು ಬೇರೆಯೇ ಪುಟ್ಟ ಅಂಗಳ ಮಾಡಿದೆ. ಅದು ತಾತ್ಕಾಲಿಕ ಎಂದುಕೊಂಡಿದ್ದೆ. ಆದರೆ ಅಷ್ಟರಲ್ಲಿ ಕೆಂಪು ಮರಿಗಳಲ್ಲೊಂದರ ಜುಟ್ಟು ಜೊತೆಯದಕ್ಕಿಂತ ಎರಡು ಪಟ್ಟು ಬೆಳೆದು ಕೆಂಪೇರಿತ್ತು, ಕಾಲು ದಪ್ಪವಾಗಿತ್ತು. ಒಂದು ಮುಂಜಾನೆ ಒಡೆದ ಕಹಳೆಯಂಥ ದನಿಯೂ ಹೊರಟಿತು. ಎಲ್ಲವೂ ಹೇಂಟೆಗಳೇ ಎಂದು ಕೊಟ್ಟಿದ್ದರು. ನಾಲ್ಕು ಕಿಲೋ ಹತ್ತಿರ ತೂಗಲಿರುವ ಹುಂಜವನ್ನು ಒಂದು ಕಿಲೋ ಇರುವ ಸಿಲ್ಕಿಯ ಜೊತೆ ಬಿಡುವುದು ಸಾಧ್ಯವಿರಲಿಲ್ಲ. ಪುಟ್ಟ ಅಂಗಳ ಶಾಶ್ವತವಾಯಿತು. ತನ್ನ ಕೂಗಿನಿಂದಲೇ ಬೆಳಗಾಗುತ್ತದೆ ಎಂಬ ನಂಬಿಕೆಯಲ್ಲಿ ಹುಂಜ ಈಗಲೂ ರಾತ್ರಿ ಮೂರೂವರೆಗೆ ಕೆಲಸ ಶುರುಮಾಡುತ್ತದೆ.

ಮೊದಲ ಮೊಟ್ಟೆ 19ನೆಯ ವಾರ, ಲೆಗ್‌ಹಾರ್ನ್‌ನದು. ಬೆಣ್ಣೆಯ ಮೊದಲ ಮೊಟ್ಟೆಗೆ 27ನೆಯ ವಾರದವರೆಗೆ ಕಾಯಬೇಕಾಯಿತು. ಈ ಎಂಟು ವಾರಗಳ ಅಂತರ ಮೇವಿನ ವಿಷಯದಲ್ಲಿ ಪೇಚಿಗೆ ಸಿಕ್ಕಿಸಿತು. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಮಾರು ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಇನ್ನೂ ಮೊಟ್ಟೆ ಇಡದ ಎಳೆಯ ಕೋಳಿಗೆ ಅದನ್ನೇ ತಿಂಗಳುಗಟ್ಟಲೆ ತಿನ್ನಿಸಿದರೆ ಮೂತ್ರಪಿಂಡ ಕೆಡುತ್ತದೆ, ಹುಂಜಕ್ಕೂ ಅದು ಬೇಡ. ಹಾಗೆಂದು ಬೆಳೆಯುವ ಮರಿಗಳ ಮೇವನ್ನೇ ಮುಂದುವರಿಸಿದರೆ ಲೆಗ್‌ಹಾರ್ನ್ ತನ್ನ ಎಲುಬು ಕರಗಿಸಿ ಚಿಪ್ಪು ಕಟ್ಟಬೇಕು. ಎಲ್ಲರಿಗೂ ಬೆಳವಣಿಗೆಯ ಮೇವನ್ನೇ ಹಾಕಿ, ಪಕ್ಕದಲ್ಲಿ ಬೇರೆ ಬಟ್ಟಲಲ್ಲಿ ಚಿಪ್ಪಿನ ನುಚ್ಚು ಇಟ್ಟೆ. ಬೇಕಾದವು ತಿಂದವು, ಬೇಡವಾದವು ಮೂಸಿಯೂ ನೋಡಲಿಲ್ಲ. ಇದನ್ನು ನಾನು ಇಂದಿಗೂ ಬದಲಾಯಿಸಿಲ್ಲ.

ಆರು ತಳಿಯ ಈ ಗೋಜಲು ನನಗೆ ಇಷ್ಟವಾಗತೊಡಗಿದ್ದು ಮೊಟ್ಟೆಗಳಿಂದ. ಬಿಳಿ ಎಂದರೆ ಲೆಗ್‌ಹಾರ್ನ್. ಕಡುಕಂದು ಕೆಂಪು ಹೇಂಟೆಯದು. ಮಸುಕು ಕಂದಿನ ಮೇಲೆ ಚುಕ್ಕೆ ಇದ್ದರೆ ಯಜಮಾನಿ. ಗುಲಾಬಿ ಛಾಯೆಯದು ಬೆಣ್ಣೆ. ಕೆನೆಬಣ್ಣದ ಪುಟ್ಟದು ಸಿಲ್ಕಿ. ಬೆರಕೆ ಹೇಂಟೆ ಮಾತು ಉಳಿಸಿಕೊಂಡು ಹಸಿರನ್ನೇ ಇಟ್ಟಿತು. ಅದನ್ನು ಒಡೆದು ಒಳಗಿನ ಪೊರೆ ಸುಲಿದು ನೋಡಿ: ಚಿಪ್ಪಿನ ಒಳಮೈ ತಿಳಿನೀಲಿ. ನೀಲಿ ಬಣ್ಣ ಚಿಪ್ಪಿನ ಪೂರ್ತಿ ದಪ್ಪಕ್ಕೂ ಇಳಿದಿರುತ್ತದೆ. ಕಂದು ಬಣ್ಣ ಕೊನೆಯ ಗಂಟೆಗಳಲ್ಲಿ ಮೇಲೆ ಬಳಿದದ್ದು. ನೀಲಿಯ ಮೇಲೆ ಕಂದು ಬಳಿದರೆ ಹಸಿರು. ಒಳಗಿನ ಲೋಳೆಗೂ ಹಳದಿಗೂ ಇದರಿಂದ ಯಾವ ವ್ಯತ್ಯಾಸವೂ ಇಲ್ಲ, ಯಾರು ಏನೇ ಹೇಳಿ ಮಾರಲಿ.

ಒಂದೇ ತಳಿಯ ಎಂಟು ಕೋಳಿಗಳಿದ್ದರೆ ಬುಟ್ಟಿಯಲ್ಲಿ ಒಂದು ಮೊಟ್ಟೆ ಕಡಿಮೆಯಾದದ್ದು ತಿಳಿಯುತ್ತದೆ, ಯಾರದೆಂದು ತಿಳಿಯುವುದಿಲ್ಲ. ನನಗೆ ತಿಳಿಯುತ್ತಿತ್ತು. ಕಡುಕಂದು ನಾಲ್ಕು ದಿನ ಬರದಿದ್ದಾಗ ಕೆಂಪು ಹೇಂಟೆಯನ್ನೇ ಹಿಂಬಾಲಿಸಿದೆ. ಬೇಲಿಯ ಬುಡದಲ್ಲಿ ಗುಟ್ಟಾಗಿ ಇಡುತ್ತಿತ್ತು. ಹಸಿರು ನಿಂತಾಗ ಬೆರಕೆ ಹೇಂಟೆಯನ್ನು ಎತ್ತಿ ನೋಡಿದೆ, ಜುಟ್ಟು ಬಿಳಿಚಿಕೊಂಡಿತ್ತು. ಮೈಮೇಲೆ ಏನೂ ಕಾಣಲಿಲ್ಲ. ರಾತ್ರಿ ಟಾರ್ಚ್ ಹಿಡಿದು ಹೋಗಿ ಅದು ಕೂರುವ ತುದಿಯ ಬಿರುಕಿಗೆ ಬಿಳಿ ಕಾಗದ ಒರೆಸಿದಾಗ ಕೆಂಪು ಗೀರು ಮೂಡಿತು. ಕೆಂಪು ನುಸಿ ಹಗಲು ಮರದ ಸಂದಿನಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಹಗಲೆಲ್ಲ ಕೋಳಿಯ ಮೈ ಹುಡುಕಿ ಸುಖವಿಲ್ಲ. ಕೋಲುಗಳನ್ನೆಲ್ಲ ಬಿಚ್ಚಿ, ಬಿರುಕುಗಳಿಗೆ ಕುದಿನೀರು ಸುರಿದು, ವಾರ ಬಿಟ್ಟು ಮತ್ತೆ ಅದನ್ನೇ ಮಾಡಿದೆ. ಹಸಿರು ಮೊಟ್ಟೆ ಮರಳಿ ಬರಲು ಮೂರು ವಾರ ಬೇಕಾಯಿತು. ಹೊಸಬರು ಕೇಳಿದರೆ ಆರು ತಳಿ ಬೇಡ, ತೂಕದಲ್ಲಿ ಸರಿಸಮವಾದ ಮೂರು ಸಾಕು ಎನ್ನುತ್ತೇನೆ. ಆದರೆ ಮೊಟ್ಟೆಯ ಬಣ್ಣ ಮಾತ್ರ ಮೂರೂ ಬೇರೆ ಬೇರೆ ಇರಲಿ.

ಎರಡನೆಯ ವರ್ಷ ಸಿಲ್ಕಿ ಕಾವಿಗೆ ಕೂತಿತು. ಅದು ಆ ತಳಿಯ ಹುಟ್ಟುಗುಣ. ಲೆಗ್‌ಹಾರ್ನ್‌ಗಳು ಕೂತದ್ದನ್ನು ನಾನು ಕಂಡೇ ಇಲ್ಲ. ಅದರ ಅಡಿಯಲ್ಲಿ ಯಜಮಾನಿಯ ಐದು ಚುಕ್ಕೆ ಮೊಟ್ಟೆಗಳನ್ನಿಟ್ಟೆ. ಇದರಲ್ಲಿ ಒಂದು ಲೆಕ್ಕಾಚಾರವಿತ್ತು. ಪಟ್ಟೆಯ ಗುಣ ಲಿಂಗ ವರ್ಣತಂತುವಿನ ಮೇಲಿದೆ, ಮತ್ತು ಪಟ್ಟೆ ಹೇಂಟೆ ಅದನ್ನು ತನ್ನ ಗಂಡು ಮರಿಗಳಿಗೆ ಮಾತ್ರ ಕೊಡುತ್ತದೆ. ತಂದೆ ಪಟ್ಟೆಯಿಲ್ಲದ ಕೆಂಪು ಹುಂಜವಾದರೆ ಎಲ್ಲ ಮರಿಗಳೂ ಕಪ್ಪಾಗಿ ಹುಟ್ಟುತ್ತವೆ, ಗಂಡು ಮರಿಗಳ ನೆತ್ತಿಯಲ್ಲಿ ಮಾತ್ರ ಬಿಳಿ ಬೊಟ್ಟು ಇರುತ್ತದೆ. ಈ ಸಲ ಯಾರ ಮಾತನ್ನೂ ನಂಬಬೇಕಾಗಿರಲಿಲ್ಲ.

ಸಿಲ್ಕಿ ದಿನಕ್ಕೊಮ್ಮೆ ಎದ್ದು ತಿಂದು, ಕುಡಿದು, ಒಂದು ರಾಶಿ ಹಿಕ್ಕೆ ಹಾಕಿ, ಹತ್ತೇ ನಿಮಿಷದಲ್ಲಿ ಮರಳಿ ಕೂರುತ್ತಿತ್ತು. 21ನೆಯ ದಿನ ನಾಲ್ಕು ಮರಿಗಳು ಒಡೆದು ಬಂದವು. ಐದನೆಯ ಮೊಟ್ಟೆ ಬರಿದು. ಎರಡಕ್ಕೆ ಬೊಟ್ಟು ಇತ್ತು, ಎರಡಕ್ಕೆ ಇರಲಿಲ್ಲ. ದೀಪವಿಲ್ಲ, ಥರ್ಮಾಮೀಟರ್ ಇಲ್ಲ. ಬಿಳಿ ಹತ್ತಿಯ ಉಂಡೆಯೊಂದರಿಂದ ನಾಲ್ಕು ಕಪ್ಪು ತಲೆಗಳು ಆಗಾಗ ಇಣುಕುತ್ತಿದ್ದವು. ಮಧ್ಯಾಹ್ನ ಯಜಮಾನಿ ಬಲೆಯ ಬಳಿ ಬಂದು ನಿಂತು, ಕತ್ತು ಓರೆ ಮಾಡಿ ತನ್ನ ಮಕ್ಕಳನ್ನು ಒಂದು ಕಣ್ಣಿನಿಂದ ಬಹಳ ಹೊತ್ತು ನೋಡಿತು. ಆಮೇಲೆ ಬಲೆಯ ಸಂದಿಗೆ ಕೊಕ್ಕು ತೂರಿಸಿ ಹತ್ತಿರದ ಮರಿಯನ್ನು ಕುಕ್ಕಲು ನೋಡಿತು. ಒಂದು ಕಾಲಕ್ಕೆ ಎಲ್ಲರಿಂದಲೂ ಕುಕ್ಕಿಸಿಕೊಂಡಿದ್ದ ಸಿಲ್ಕಿ, ಪುಕ್ಕವನ್ನೆಲ್ಲ ನಿಗುರಿಸಿ ಎರಡು ಪಟ್ಟು ದಪ್ಪವಾಗಿ, ಬಲೆಗೆ ಹಾರಿ ಅದರ ಮುಖಕ್ಕೇ ಹೊಡೆಯಿತು. ಯಜಮಾನಿ ಹಿಂದೆ ಸರಿದು, ಏನೂ ಆಗಿಲ್ಲವೆಂಬಂತೆ ನೆಲ ಕೆದಕತೊಡಗಿತು.