ವಾಚನಾಲಯದ ವೈಫೈಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆ

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಒಂದು ಖಾಸಗಿ ವಾಚನಾಲಯದ ವೈಫೈ ನನ್ನ ಉಸ್ತುವಾರಿಯಲ್ಲಿದೆ. ಮೈಕ್ರೋಟಿಕ್ ಕಂಪನಿಯ ಒಂದು ರೂಟರ್, ಎರಡು ಆ್ಯಕ್ಸೆಸ್ ಪಾಯಿಂಟ್, ಅಷ್ಟೇ. ಹಗಲಿನಲ್ಲಿ ವಾಟ್ಸ್‌ಆ್ಯಪ್ ಕರೆ ನಿಲ್ಲಬೇಕು, ನೋಟ್ಸ್‌ನ ಪಿಡಿಎಫ್ ಮಾತ್ರ ಬರುತ್ತಿರಬೇಕು ಎಂದು ಮಾಲೀಕರು ಕೇಳಿದರು.

ಸಂದೇಶಕ್ಕೂ ಮಾತಿಗೂ ದಾರಿ ಬೇರೆಯಾಗಿರುವುದರಿಂದ ಇದು ಸಾಧ್ಯ. ಸಂದೇಶ, ಫೋಟೊ, ಕಡತಗಳು ಟಿಸಿಪಿಯಲ್ಲಿ (ಪ್ರತಿ ತುಣುಕೂ ತಲುಪಿತೇ ಎಂದು ನೋಡಿಕೊಳ್ಳುವ ಸಾಗಣೆ ವಿಧಾನ), ಮುಖ್ಯವಾಗಿ 443 ಮತ್ತು 5222ನೇ ಪೋರ್ಟ್‌ಗಳಲ್ಲಿ, ಅಂದರೆ ಸಂಖ್ಯೆಯಿರುವ ಬಾಗಿಲುಗಳಲ್ಲಿ, ಸಾಗುತ್ತವೆ. ಮಾತು ಹೆಚ್ಚಾಗಿ, ತಲುಪಿತೇ ಎಂದು ಕಾಯದೆ ಕಳಿಸುವ ಯುಡಿಪಿಯನ್ನು ಹಿಡಿಯುತ್ತದೆ, ಅದರಲ್ಲೂ 3478ನೇ ಪೋರ್ಟನ್ನು. ವಾಟ್ಸ್‌ಆ್ಯಪ್ ಕರೆಗೆ ತಡೆಯಿರುವ ದುಬೈಯಲ್ಲಿ ನೆಂಟರಿರುವ ಕರಾವಳಿಯವರಿಗೆ ಇದರ ಫಲ ಚೆನ್ನಾಗಿ ಗೊತ್ತು: ಸಂದೇಶ ಮುಟ್ಟುತ್ತದೆ, ಕರೆ ಕೂಡಿಕೊಳ್ಳುವುದಿಲ್ಲ.

3478 ಒಂದನ್ನೇ ಮುಚ್ಚಿದರೆ ಆ್ಯಪ್ ಬೇರೆ ಪೋರ್ಟ್ ಹುಡುಕಿಕೊಳ್ಳಬಹುದು. ಆದ್ದರಿಂದ ನಾನು ಲೆಕ್ಕವನ್ನು ತಿರುಗಿಸಿದೆ. ಯುಡಿಪಿಯಲ್ಲಿ 53 (ತಾಣದ ಹೆಸರಿನಿಂದ ವಿಳಾಸ ಹುಡುಕಲು), 123 (ಗಡಿಯಾರ ಸರಿಪಡಿಸಲು), 443 (ವೆಬ್‌ಗೆ), 500 ಮತ್ತು 4500 ಬಿಟ್ಟು ಉಳಿದುದೆಲ್ಲ ಬಂದ್. ಕೊನೆಯ ಎರಡನ್ನು ಬೇಕೆಂದೇ ಉಳಿಸಿದೆ. ಸಿಮ್‌ನ ವೈಫೈ ಕಾಲಿಂಗ್ ನಡೆಯುವುದು ಅವುಗಳ ಮೇಲೆ. ದಪ್ಪ ಗೋಡೆಯ ಈ ಕಟ್ಟಡದೊಳಗೆ ಸಿಗ್ನಲ್ ಕಡಿಮೆ, ಮನೆಯಿಂದ ತುರ್ತು ಕರೆ ಬಂದರೆ ಸಿಗಲೇಬೇಕಲ್ಲ.

ರೂಟರ್ ತನ್ನ ಫೈರ್‌ವಾಲ್‌ನ (ಏನು ಬಿಡಬೇಕು, ಏನು ತಡೆಯಬೇಕು ಎಂಬ ಪಟ್ಟಿಯ) ಸಾಲುಗಳನ್ನು ಮೇಲಿನಿಂದ ಕೆಳಗೆ ಓದುವುದರಿಂದ ಈ ನಿಯಮ ಎಲ್ಲಿ ಕೂರುತ್ತದೆ ಎಂಬುದು ಮುಖ್ಯ. ಆಗಲೇ ಕೂಡಿಕೊಂಡ ಸಂಪರ್ಕವನ್ನು ತಡೆಯದೆ ಬಿಡುವ ಫಾಸ್ಟ್‌ಟ್ರ್ಯಾಕ್ ಮತ್ತು 'ಎಸ್ಟಾಬ್ಲಿಷ್ಡ್' ಸಾಲುಗಳ ಕೆಳಗಿಟ್ಟರೆ ಆಗಲೇ ನಡೆಯುತ್ತಿರುವ ಕರೆ ನಿರಾಳವಾಗಿ ಮುಂದುವರಿಯುತ್ತದೆ. ಅವುಗಳ ಮೇಲಿಟ್ಟೆ. ಇಂಟರ್ನೆಟ್‌ನ ಹೊಸ ವಿಳಾಸ ಪದ್ಧತಿಯಾದ ಐಪಿವಿ6ಗೆ ರೂಟರ್‌ನಲ್ಲಿ ಪ್ರತ್ಯೇಕ ಫೈರ್‌ವಾಲ್ ಇರುವುದರಿಂದ ಇದೇ ನಿಯಮವನ್ನು ಅಲ್ಲಿಯೂ ಬರೆಯಬೇಕು.

ತಮಾಷೆಯೆಂದರೆ, ರಿಂಗ್ ನಿಲ್ಲಲಿಲ್ಲ. ಕರೆ ಬಂದಿದೆ ಎಂಬ ಸುದ್ದಿ ಸಂದೇಶದ ದಾರಿಯಲ್ಲೇ ಬರುತ್ತದೆ. ಫೋನ್ ಹಾಡುತ್ತದೆ, ಹುಡುಗ ಗಾಬರಿಯಿಂದ ಎತ್ತುತ್ತಾನೆ, 'ಕನೆಕ್ಟಿಂಗ್' ಎಂದು ತೋರಿಸುತ್ತಾ ಕೊನೆಗೆ ಕಡಿದುಹೋಗುತ್ತದೆ. ಮೊಬೈಲ್ ಸೈಲೆಂಟ್ ಮಾಡಿ ಎಂಬ ಫಲಕ ಬಾಗಿಲಿಗೆ ಬಂದದ್ದು ಆಮೇಲೆ. ಫೈರ್‌ವಾಲ್‌ಗಿಂತ ಅದರದ್ದೇ ಕೆಲಸ ಜಾಸ್ತಿ ಎಂದು ನನ್ನ ಗುಮಾನಿ.

ನಿಯಮಕ್ಕೆ ಬೆಳಿಗ್ಗೆ 9ರಿಂದ ರಾತ್ರಿ 9ರ ಹೊತ್ತನ್ನು ಕಟ್ಟಿದ್ದೇನೆ. ಇಂಥ ಎಷ್ಟೋ ರೂಟರ್‌ಗಳ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಗಿ ಬಂದರೆ ಹೊತ್ತು ತಪ್ಪುತ್ತದೆ. ಇಂಟರ್ನೆಟ್‌ನಿಂದ ಹೊತ್ತು ಸರಿಪಡಿಸಿಕೊಳ್ಳುವ ಎನ್‌ಟಿಪಿ ಹಾಕಿ, ಏಷ್ಯಾ/ಕೋಲ್ಕತ್ತಾ ವಲಯ ಆರಿಸಿ, ರೂಟರನ್ನು ಯುಪಿಎಸ್‌ಗೆ ಸೇರಿಸಿದೆ.

ಅಣಕು ಸಂದರ್ಶನ ನಡೆಯುವ ಕೋಣೆಗೆ ಬೇರೆ ವೈಫೈ ಹೆಸರು, ಬೇರೆ ವಿಳಾಸ ಶ್ರೇಣಿ ಕೊಟ್ಟು ನಿಯಮದಿಂದ ಹೊರಗಿಟ್ಟಿದ್ದೇನೆ. ಜೂಮ್, ಮೀಟ್ ಅಲ್ಲಿ ಸರಾಗ. ತಡೆ ತಪ್ಪಿಸಲು ವಿಪಿಎನ್ (ಗುಪ್ತ ಸುರಂಗದಂಥ ಸಂಪರ್ಕ) ಹಾಕುವವರನ್ನು, ಮೊಬೈಲ್ ಡೇಟಾಕ್ಕೆ ಹೊರಳುವವರನ್ನು ಬೆನ್ನಟ್ಟಲು ಹೋಗಿಲ್ಲ. ಮಾತಾಡಲೇಬೇಕೆಂದವರು ಮೆಟ್ಟಿಲಿಗೆ ಹೋಗಿ ಮಾತಾಡುತ್ತಾರೆ, ನಮಗೆ ಬೇಕಾದದ್ದೂ ಅದೇ.

ಇಂಟರ್ನೆಟ್ ನಿಧಾನ ಎಂಬ ಕಾರಣಕ್ಕೆ ಯಾರಾದರೂ ಇದನ್ನು ಮಾಡಹೊರಟರೆ ಬೇಡ ಎನ್ನುತ್ತೇನೆ. ಒಂದು ಧ್ವನಿ ಕರೆಗೆ ಸೆಕೆಂಡಿಗೆ 100 ಕಿಲೋಬಿಟ್ ಸಹ ಬೇಕಿಲ್ಲ. ಲೈನ್ ತಿನ್ನುವುದು ವಿಡಿಯೊ. ಅದಕ್ಕೆ ಪ್ರತಿ ಫೋನ್‌ಗೂ ವೇಗದ ಮಿತಿ ಹಾಕಿದರೆ ಸಾಕು.