ಗೋಲ್‌ಗುಂಬಜ್‌ನ ಅಬ್‌ಸ್ಟ್ರಾಕ್ಟ್ ಫೋಟೋ ತೆಗೆಯುವುದು ಹೇಗೆ

ಗೋಲ್‌ಗುಂಬಜ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಒಂದೇ ಫೋಟೋ. ಎದುರಿನಿಂದ ತೆಗೆದ ಇಡೀ ಕಟ್ಟಡ, ಮೇಲೆ ನೀಲಿ ಆಕಾಶ. ವಿಜಯಪುರಕ್ಕೆ ಹೋದರೆ ಮೊದಲು ಅದನ್ನೇ ತೆಗೆದುಬಿಡಿ. ಇಲ್ಲದಿದ್ದರೆ ಮನಸ್ಸು ಅಲ್ಲೇ ಸುತ್ತುತ್ತಿರುತ್ತದೆ. ಆಮೇಲೆ ಕಟ್ಟಡದ ಒಂದೇ ಒಂದು ಗುಣ ಆರಿಸಿಕೊಳ್ಳಿ. ಅದರ ದುಂಡು, ಅದರ ಭಾರ, ಒಳಗಿನ ಕತ್ತಲು, ಯಾವುದಾದರೂ ಸರಿ. ಉಳಿದದ್ದನ್ನೆಲ್ಲ ಫ್ರೇಮಿನಿಂದ ಹೊರಗೆ ಹಾಕಿ. ನನ್ನ ಮಟ್ಟಿಗೆ ಅಬ್‌ಸ್ಟ್ರಾಕ್ಟ್ ಅಂದರೆ ಇಷ್ಟೇ. ಸುಮ್ನೆ ಕ್ಯಾಮೆರಾ ಅಲ್ಲಾಡಿಸಿ ಗುರುತು ಸಿಗದಂತೆ ಮಾಡುವುದರಲ್ಲಿ ನನಗೆ ಆಸಕ್ತಿ ಇಲ್ಲ.

ಮೊದಲು ಹೊರಗೆ ಹಾಕಬೇಕಾದದ್ದು ಅಳತೆ ಹೇಳುವ ವಸ್ತುಗಳನ್ನು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ನೋಡಿದವರು ಬೆರಗಾಗುವುದೇ ಆ ದೊಡ್ಡತನಕ್ಕೆ, ಅಲ್ವಾ? ಆದರೆ ಫ್ರೇಮಿನಲ್ಲಿ ಒಬ್ಬ ಮನುಷ್ಯ, ಒಂದು ಬಾಗಿಲು, ಅಷ್ಟೇ ಏಕೆ, ಒಂದು ಪಾರಿವಾಳ ಇದ್ದರೂ ಸಾಕು, ಕಣ್ಣು ತಕ್ಷಣ ಅಳೆಯಲು ಶುರು ಮಾಡುತ್ತದೆ. ಅದು ಹೋದ ಮೇಲೆ ಉಳಿಯುವುದು ಬರೀ ಗೆರೆ ಮತ್ತು ಬೆಳಕು.

ಹೊರಗಿನ ಕೆಲಸಕ್ಕೆ ನಾನು ದೂರದ್ದನ್ನು ಹತ್ತಿರಕ್ಕೆ ಎಳೆಯುವ 70-300 ಎಂಎಂ ಜೂಮ್ ಲೆನ್ಸ್ ಹಾಕುತ್ತೇನೆ. ಬೆಳಿಗ್ಗೆ ಬೇಗ ಹೋಗಿ. ಪೂರ್ವದ ಬೆಳಕು ಓರೆಯಾಗಿ ಬೀಳುವಾಗ ಗುಮ್ಮಟದ ಒಂದು ಬದಿ ಬೆಳಗಿರುತ್ತದೆ, ಇನ್ನೊಂದು ಬದಿ ನಿಧಾನವಾಗಿ ನೆರಳಿಗೆ ಜಾರುತ್ತದೆ. ಆ ಬಾಗಿದ ಅಂಚಿನ ಒಂದು ತುಣುಕನ್ನಷ್ಟೇ ಹಿಡಿಯಿರಿ. ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಇಳಿಸಿದರೆ ಗಾರೆಯ ಮೇಲಿನ ಕಲೆಗಳು ಚೆನ್ನಾಗಿ ಎದ್ದು ಕಾಣುತ್ತವೆ.

ನಾಲ್ಕು ಮೂಲೆಯ ಮಿನಾರುಗಳಿಗೂ ಇದೇ ಲೆನ್ಸ್. ಏಳು ಅಂತಸ್ತು, ಎಂಟು ಮುಖ, ಸಾಲು ಸಾಲು ಕಮಾನು ಕಿಟಕಿ. ಒಂದು ಕಡೆ ನಿಂತರೆ ಮೂರು ಮುಖ ಕಾಣುವಂತೆ ನೋಡಿಕೊಳ್ಳಿ. ಒಂದರ ಮೇಲೆ ನೇರ ಬಿಸಿಲು, ಪಕ್ಕದ್ದರ ಮೇಲೆ ಮಂದ ಬೆಳಕು, ಮೂರನೆಯದು ಕಪ್ಪು. ಮಿನಾರಿನ ತುದಿ, ಬುಡ ಎರಡನ್ನೂ ಬಿಟ್ಟು ನಡುವಿನ ಭಾಗ ಮಾತ್ರ ತೆಗೆದರೆ ಅದು ಕಟ್ಟಡ ಅಂತಲೇ ಅನ್ನಿಸುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಮೇಲೆ ನೋಡುವುದನ್ನೂ ಮರೆಯಬೇಡಿ. ಹೊರಚಾಚಿದ ಛಜ್ಜಾವನ್ನು (ಸೂರನ್ನು) ಹೊತ್ತ ಕಲ್ಲಿನ ಬ್ರಾಕೆಟ್‌ಗಳ ಸಾಲು ಸಿಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಒಳಗೆ. 1656ರಲ್ಲಿ ತೀರಿಕೊಂಡ ಬಿಜಾಪುರದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಅಷ್ಟು ದೊಡ್ಡ ಹಾಲಿನ ನಡುವೆ ಗುಮ್ಮಟಕ್ಕೆ ಆಸರೆಯಾಗಿ ಒಂದು ಕಂಬವೂ ಇಲ್ಲ. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಗೆರೆಯಲ್ಲಿ ಎಂಟು ಕಮಾನುಗಳು ಒಂದನ್ನೊಂದು ದಾಟಿಕೊಂಡು ಹೋಗಿವೆ. ಆ ಹೆಣಿಗೆಯೇ ಚೌಕ ಕೋಣೆಯನ್ನು ದುಂಡಗಿನ ಗುಮ್ಮಟಕ್ಕೆ ಸೇರಿಸುತ್ತದೆ. ಇದು ಗೊತ್ತಿದ್ದರೆ ಎಲ್ಲಿ ಕ್ಯಾಮೆರಾ ಇಡಬೇಕು ಅನ್ನುವುದೂ ಗೊತ್ತಾಗುತ್ತದೆ. ಕಮಾನುಗಳು ದಾಟುವ ಜಾಗವೇ ನಿಮ್ಮ ಫೋಟೋ.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಅದರ ಗೋಜೇ ಬೇಡ. ಫೋನನ್ನು ನೆಲದ ಮೇಲೆ ಮಲಗಿಸಿ, ಮುಂದಿನ ಕ್ಯಾಮೆರಾ ಆನ್ ಮಾಡಿ, ಹತ್ತು ಸೆಕೆಂಡಿನ ಟೈಮರ್ ಹಾಕಿ ಪಕ್ಕಕ್ಕೆ ಸರಿಯಿರಿ. ನಡುವೆ ಸಮಾಧಿಗಳ ಕಟ್ಟೆ ಇದೆ. ಹಾಗಾಗಿ ಫೋನ್ ಹೇಗೂ ಒಂದು ಬದಿಗೇ ಬರುತ್ತದೆ, ಅದು ಒಳ್ಳೆಯದೇ. ಸರಿಯಾಗಿ ನಡುವಿನಿಂದ ತೆಗೆದರೆ ಅಚ್ಚುಕಟ್ಟಾದ ನಕ್ಷತ್ರ ಬರುತ್ತದೆ, ಅದನ್ನು ಎಲ್ಲರೂ ನೋಡಿದ್ದಾರೆ. ಬದಿಯಿಂದ ತೆಗೆದರೆ ಒಂದು ಕಮಾನು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ, ಗೆರೆಗಳಿಗೆ ಒಂದು ಎಳೆತ ಬರುತ್ತದೆ. ಫೋಕಸ್ ಮತ್ತು ಬೆಳಕನ್ನು ಹೊಳೆಯುವ ಭಾಗಕ್ಕೆ ಲಾಕ್ ಮಾಡಿ. ಉಳಿದದ್ದು ಕಪ್ಪಾಗಲಿ ಬಿಡಿ. ಫ್ಲ್ಯಾಷ್ ಬೇಡವೇ ಬೇಡ.

ಶಟರ್ ತೆರೆದಿರುವಾಗಲೇ ಕ್ಯಾಮೆರಾ ಸರಿಸಿ ತೆಗೆಯುವ ಆಸೆ ಇದ್ದರೆ ಅದಕ್ಕೂ ಒಳಗಿನ ಕತ್ತಲೇ ಅನುಕೂಲ. ಹೊರಗೆ ಬಿಸಿಲಲ್ಲಿ, ಬೆಳಕು ಕಡಿಮೆ ದಾಖಲಾಗುವಂತೆ ಐಎಸ್‌ಒ 100, ಅಪರ್ಚರ್ ಎಫ್/16 ಇಟ್ಟರೂ ಶಟರ್ ಸೆಕೆಂಡಿನ ನೂರನೇ ಒಂದು ಭಾಗದ ಹತ್ತಿರವೇ ಇರುತ್ತದೆ. ಕಾಲು ಸೆಕೆಂಡಿಗೆ ಇಳಿಸಲು ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಐದು ಸ್ಟಾಪ್‌ನ ಎನ್‌ಡಿ ಫಿಲ್ಟರ್ ಬೇಕು. ಒಳಗೆ ಫಿಲ್ಟರ್ ಇಲ್ಲದೆಯೇ ಆಗುತ್ತದೆ. ಕಮಾನಿನ ಬಾಗು ಹೇಗಿದೆಯೋ ಕೈಯನ್ನೂ ಹಾಗೇ ತಿರುಗಿಸಿ. ಮಿನಾರಿಗಾದರೆ ಮೇಲಿನಿಂದ ಕೆಳಕ್ಕೆ. ಕಟ್ಟಡದ ಗೆರೆಗೆ ಅಡ್ಡ ಹೋದರೆ ಬರೀ ಗೋಜಲು.

ಮಿನಾರಿನ ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಗುಮ್ಮಟದ ಬುಡದಲ್ಲಿ ಸುತ್ತಲೂ ಕಲ್ಲು ಗಾರೆಯ ದೊಡ್ಡ ದೊಡ್ಡ ದಳಗಳು. ಎರಡು ದಳಗಳ ನಡುವಿನ ನೆರಳನ್ನು ಹತ್ತಿರದಿಂದ ನೋಡಿ. ಅಲ್ಲಿಂದ ಒಳಗೆ ಹೋದರೆ ಪಿಸುಗುಟ್ಟುವ ಗ್ಯಾಲರಿ. ಒಂದು ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಕೇಳಿಸುತ್ತದೆ. ಆ ಪ್ರತಿಧ್ವನಿಯನ್ನೇ ಫೋಟೋ ಮಾಡಬಹುದು. ಕ್ಯಾಮೆರಾದಲ್ಲಿ ಹಲವು ಕ್ಲಿಕ್ಕುಗಳನ್ನು ಒಂದೇ ಫೋಟೋದಲ್ಲಿ ಸೇರಿಸುವ ಮಲ್ಟಿಪಲ್ ಎಕ್ಸ್‌ಪೋಶರ್ ಆನ್ ಮಾಡಿ, ಬೆಳಕು ಹೆಚ್ಚಾಗದಂತೆ ಆವರೇಜ್ ಮೋಡ್ ಇಡಿ. ಎದುರಿನ ಒಂದು ಬಾಗಿಲನ್ನು ಏಳು ಸಲ ಕ್ಲಿಕ್ಕಿಸಿ, ಪ್ರತಿ ಸಲ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸುತ್ತಾ. ಒಂದೇ ಬಾಗಿಲು ಅಲೆ ಅಲೆಯಾಗಿ ಹರಡಿಕೊಳ್ಳುತ್ತದೆ. ಇದು ಬೇರೆ ಯಾವ ಸ್ಮಾರಕಕ್ಕಿಂತ ಗೋಲ್‌ಗುಂಬಜ್‌ಗೇ ಹೆಚ್ಚು ಒಪ್ಪುವ ಫೋಟೋ ಅಂತ ನನ್ನ ಗಟ್ಟಿ ನಂಬಿಕೆ.

ಮನೆಗೆ ಬಂದ ಮೇಲೆ ಎಡಿಟಿಂಗ್ ಜಾಸ್ತಿ ಬೇಡ. ಒಳಗಿನವನ್ನು ಕಪ್ಪು ಬಿಳುಪು ಮಾಡಿ, ಹೊರಗಿನವುಗಳಿಗೆ ಗಾರೆಯ ಬಣ್ಣ ಉಳಿಸಿಕೊಳ್ಳಿ. ಪ್ರತಿ ಫೋಟೋವನ್ನೂ ಒಮ್ಮೆ ತಲೆಕೆಳಗು ಮಾಡಿ ನೋಡಿ. ಎಲ್ಲಿ ಕಣ್ಣು ಎಡವುತ್ತದೋ ಅಲ್ಲಿ ಬೇಡದ್ದೇನೋ ಉಳಿದಿದೆ ಎಂದರ್ಥ. ಅಷ್ಟನ್ನು ಕ್ರಾಪ್ ಮಾಡಿ.