ಒರೆಗೆ ಹಚ್ಚದ ಚಿನ್ನ

ನಾನು ಅಕ್ಕಸಾಲಿಗರ ಮನೆಯ ಮಗಳು. ಹಳೆಯ ಒಡವೆ ಕೈಗೆ ಬಂದರೆ ಮೊದಲು ಉಜ್ಜಬೇಕು, ಒರೆಗೆ ಹಚ್ಚಬೇಕು, ತೂಗಬೇಕು ಎಂಬುದನ್ನು ಅಪ್ಪನ ಅಂಗಡಿಯಲ್ಲಿ ನೋಡುತ್ತಲೇ ಬೆಳೆದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ, ಬಾರ್ಲಿ ಕೊಯ್ದ ಹೊಲವೊಂದರಲ್ಲಿ ನನ್ನ ಲೋಹಶೋಧಕಕ್ಕೆ ಸುಮಾರು 3000 ವರ್ಷ ಹಳೆಯ ಚಿನ್ನದ ಉಂಗುರ ಸಿಕ್ಕಿದಾಗ ಈ ಮೂರನ್ನೂ ಮಾಡದೆ ತಡೆದುಕೊಳ್ಳುವುದೇ ದೊಡ್ಡ ಕೆಲಸವಾಯಿತು.

ಸದ್ದಿನಲ್ಲಿ ವಿಶೇಷವೇನೂ ಇರಲಿಲ್ಲ. ತಂಪು ಪಾನೀಯದ ಡಬ್ಬಿ ತೆರೆಯಲು ಎಳೆಯುವ ಅಲ್ಯುಮಿನಿಯಂ ಕೊಂಡಿಯೂ ಸಣ್ಣ ಚಿನ್ನದ ಒಡವೆಯೂ ಯಂತ್ರದ ಪರದೆಯಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತವೆ. ಕಸದ ಕಾಟ ಬೇಡವೆಂದು ಆ ಅಂಕಿಗಳ ಸದ್ದನ್ನೇ ಅಡಗಿಸಿಡುವವರಿದ್ದಾರೆ. ಹಾಗೆ ಮಾಡಿದರೆ ಚಿನ್ನದ ಸದ್ದೂ ಅಡಗುತ್ತದೆ. ಆ ಬೆಳಿಗ್ಗೆ ಹನ್ನೊಂದು ಕೊಂಡಿಗಳನ್ನು ಅಗೆದು ತೆಗೆದಿದ್ದೆ. ಹನ್ನೆರಡನೆಯ ಸಲ, ಒಂದು ಗೇಣೂ ಇಲ್ಲದ ಆಳದಲ್ಲಿ, ಹೆಂಟೆಯೊಂದರ ಒಳಗಿಂದ ಹಳದಿ ಅಂಚು ಇಣುಕಿತು. ಮಣ್ಣಿನಲ್ಲಿ ಬೆಳ್ಳಿ ಕಪ್ಪಾಗುತ್ತದೆ, ತಾಮ್ರ ಹಸಿರಾಗುತ್ತದೆ. ಇದು ನಿನ್ನೆ ಬಿದ್ದಂತಿತ್ತು. ಹೆಬ್ಬೆರಳ ಉಗುರಿನಷ್ಟು ಅಗಲ, ದಪ್ಪ ಸರಿಗೆ, ಒಂದು ಕಡೆ ಕಿರಿದಾದ ಸೀಳು.

ಉಜ್ಜಲಿಲ್ಲ. ಮಣ್ಣಿನ ಸಮೇತ ಡಬ್ಬಿಯಲ್ಲಿಟ್ಟು, ಗುಂಡಿಯ ಫೋಟೊ ತೆಗೆದು, ನಕ್ಷೆಯಲ್ಲಿ ಜಾಗವನ್ನು ಗುರುತಿಸುವ ಗ್ರಿಡ್ ಸಂಖ್ಯೆ ಬರೆದುಕೊಂಡೆ. ಉತ್ತ ಪದರದ ಕೆಳಗೆ ಅಗೆಯಲಿಲ್ಲ. ಅಲ್ಲಿ ಸಮಾಧಿಯಿದ್ದರೆ ನನ್ನ ಗುದ್ದಲಿ ಅದನ್ನು ಕೆಡಿಸುತ್ತಿತ್ತು. ಅಪ್ಪನ ತಕ್ಕಡಿಯಲ್ಲಿ ಇದು ಕೆಲವೇ ಗ್ರಾಂ ಚಿನ್ನ. ಎಲ್ಲಿ, ಎಷ್ಟು ಆಳದಲ್ಲಿತ್ತು ಎಂಬುದು ಉಳಿದರೆ ಮಾತ್ರ ಆ ನೆಲದಲ್ಲಿ ಯಾರೋ ಓಡಾಡಿದ್ದರು ಎಂಬುದಕ್ಕೆ ಸಾಕ್ಷಿ.

ಅಲ್ಲಿನ 1996ರ ಟ್ರೆಷರ್ ಆಕ್ಟ್ (ನಿಧಿ ಕಾಯ್ದೆ) ಪ್ರಕಾರ, 300 ವರ್ಷಕ್ಕಿಂತ ಹಳೆಯದಾದ, ತೂಕದಲ್ಲಿ ಕನಿಷ್ಠ ಶೇ. 10ರಷ್ಟು ಚಿನ್ನ ಅಥವಾ ಬೆಳ್ಳಿ ಇರುವ ಒಡವೆಯ ವಿಷಯವನ್ನು 14 ದಿನಗಳೊಳಗೆ ಇಂಥ ನಿಧಿಗಳ ವಿಚಾರಣೆ ನಡೆಸುವ ಅಧಿಕಾರಿಯಾದ ಕರೋನರ್‌ಗೆ ತಿಳಿಸಬೇಕು. ವಸ್ತುಸಂಗ್ರಹಾಲಯ ಅದನ್ನು ಪಡೆದುಕೊಂಡು ಬಹುಮಾನ ಬಂದರೆ ಸಮಪಾಲು ಎಂದು ಹೊಲದ ಯಜಮಾನರೂ ನಾನೂ ಅನುಮತಿ ಪಡೆದ ದಿನವೇ ಬರೆದು ಸಹಿ ಹಾಕಿದ್ದೆವು. ಹೀಗೆ ಮೊದಲೇ ಬರೆದಿಡುವುದನ್ನು ದಯವಿಟ್ಟು ಯಾರೂ ಬಿಡಬೇಡಿ.

ಜನರಿಗೆ ಸಿಕ್ಕ ಪುರಾತನ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಅಧಿಕಾರಿ ಭೂತಗನ್ನಡಿಯಲ್ಲಿ ತೋರಿಸಿದಾಗ ಹಳದಿ ಮೈಯ ಮೇಲೆ ಬಿಳಿಚು ಪಟ್ಟೆಗಳು ಕಂಡವು. ಆ ಪಟ್ಟೆಗಳು ಬೆಳ್ಳಿ ಹೆಚ್ಚು ಬೆರೆತ ಚಿನ್ನದವು. ಉಂಗುರ ಕಂಚಿನ ಯುಗದ ಕೊನೆಯ ಘಟ್ಟದ್ದು, ಕ್ರಿ.ಪೂ. 1150ರಿಂದ 750ರ ನಡುವಿನದು ಎಂದರು. ಇಂಥ ಕೆಲವು ಉಂಗುರಗಳ ತಿರುಳು ತಾಮ್ರದ್ದು, ಮೇಲೆ ಹೊದಿಸಿದ್ದು ಮಾತ್ರ ಚಿನ್ನದ ತಗಡು. ಅದನ್ನು ಅರಿಯಲು ಒರೆಗಲ್ಲು ಬೇಕಿಲ್ಲ. ಎಕ್ಸ್-ರೇ ಹಾಯಿಸಿ, ಒಂದು ಗೀರೂ ಬೀಳದಂತೆ ಪರೀಕ್ಷಿಸುತ್ತಾರೆ.

ರಾತ್ರಿ ಅಪ್ಪನಿಗೆ ಫೋಟೊ ಕಳುಹಿಸಿದೆ. ತೂಕ ಕೇಳುತ್ತಾರೆಂದುಕೊಂಡಿದ್ದೆ. "ಈ ಸೀಳಿನಲ್ಲಿ ಕಿವಿಯ ಹಾಲೆ ತೂರುವುದಿಲ್ಲವಲ್ಲಮ್ಮ, ಇದನ್ನು ಎಲ್ಲಿ ತೊಡುತ್ತಿದ್ದರು?" ಎಂದರು. ಕೂದಲಿಗೋ, ಕಿವಿಗೋ, ಮೂಗಿಗೋ, ವಿದ್ವಾಂಸರಲ್ಲೂ ಒಮ್ಮತವಿಲ್ಲ. ಮರುದಿನ ಅವರು ಹಿತ್ತಾಳೆ ತಂತಿಯನ್ನು ಅದೇ ಅಳತೆಗೆ ಬಗ್ಗಿಸಿ, ಅಮ್ಮನ ಜಡೆಗೆ ಸಿಕ್ಕಿಸಿ ಫೋಟೊ ಕಳುಹಿಸಿದರು. ಪೂರ್ತಿ ಜಡೆಗೆ ಸೀಳು ಸಾಲದು, ತೆಳ್ಳಗೆ ಹೆಣೆದ ಒಂದೆಳೆಗಾದರೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಕೆಳಗೆ ಬರೆದಿದ್ದರು.